ಹನ್ನೆರಡು ಚಿಗರಿ ತಾಟು

ಬೈಲಹೊಂಗಲದ ನಮ್ಮ ಮನೆಯ ಗೋಡೆಗೆ ಗಿಲಾವು ಇರಲಿಲ್ಲ. ಆದರೆ ಒಳಕೋಣೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ, ಅಬ್ಬಾನ ಹಳೆಯ ಲುಂಗಿಗಳ ಮಡಿಕೆಯೊಳಗೆ, ಜರ್ಮನಿ ದೇಶದ ಯಾವುದೋ ಜಹಗೀರದಾರನ ಊಟಕ್ಕೆಂದು ಮಾಡಿದ ಪಿಂಗಾಣಿ ತಾಟುಗಳಿದ್ದವು. ಇದನ್ನು ಹೇಳಿದರೆ ಯಾರೂ ಬೆರಗಾಗುತ್ತಿರಲಿಲ್ಲ. ನಮ್ಮ ಕಡೆ ಅಲ್ಯುಮಿನಿಯಂ ಸಾಮಾನಿಗೆ ಜರ್ಮನ್ ಎನ್ನುವುದು ರೂಢಿ; ಹೀಗಾಗಿ ಸಾಲೆಯಲ್ಲಿ ಗೆಳತಿಯರು, ಅದು ಎಲ್ಲರ ಮನೆಯಲ್ಲೂ ಇದೆಯಲ್ಲ ಎಂದು ನಕ್ಕು ಸುಮ್ಮನಾದರು. ನಾನೂ ಸುಮ್ಮನಾದೆ. ಈಗ ಆ ತಾಟುಗಳು ಸವದತ್ತಿಯಲ್ಲಿರುವ ನನ್ನ ಮನೆಯ ಕಪಾಟಿನಲ್ಲಿವೆ. ಅಮ್ಮಾ ತೀರಿಕೊಂಡು ನಲವತ್ತು ದಿನ ತುಂಬಿತು. ಅಬ್ಬಾ ಹೋದ ಮೇಲೆ, ಕೊನೆಯ ಹತ್ತು ವರ್ಷ ಅವಳು ನನ್ನ ಬಳಿಯೇ ಇದ್ದಳು. ಬರೆಯುವುದು ನನಗೆ ರೂಢಿಯಿಲ್ಲ. ಹತ್ತನೆಯ ಇಯತ್ತೆಯವರೆಗೆ ಓದಿ, ಆಮೇಲೆ ಹೊಲಿಗೆ ಯಂತ್ರದ ಮುಂದೆ ಕುಳಿತವಳು ನಾನು. ಆದರೆ ಈ ತಾಟುಗಳ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗ ಯಾರೂ ಉಳಿದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅಬ್ಬಾ ಕಲಾಯಿಗಾರ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಲೇಪಿಸುವ ಕೆಲಸ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಕಲಾಯಿ ಸಾಬ. ಮನೆಯ ಮುಂದಿನ ಕಟ್ಟೆಯ ಮೇಲೆ ಅವರ ಒಲೆ, ಪಕ್ಕದಲ್ಲಿ ತೊಗಲಿನ ತಿದಿ. ಪಾತ್ರೆಯನ್ನು ಮೊದಲು ಇಟ್ಟಂಗಿ ಪುಡಿ, ಬೂದಿ, ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿ ಹಳೆಯ ಕಿಲುಬು ತೆಗೆಯಬೇಕು. ಅದು ಅಮ್ಮಾನ ಕೆಲಸ, ಕೈ ಬಲಿತ ಮೇಲೆ ನನ್ನದೂ ಆಯಿತು. ಆಮೇಲೆ ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಅರಿವೆಯ ಉಂಡೆಯಿಂದ ಒಮ್ಮೆ ಸುತ್ತ ಒರೆಸಿದರೆ ಬಿಳಿ ಹೊಗೆ ಏಳುತ್ತಿತ್ತು. ಹೊಗೆ ಹರಿದ ಮೇಲೆ ನೋಡಿದರೆ ಕರಿಯ ಪಾತ್ರೆಯ ಹೊಟ್ಟೆಯಲ್ಲಿ ನಮ್ಮ ಮುಖ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಕನ್ನಡಿ ಒಂದೇ ಇತ್ತು, ಅದೂ ಅಂಗೈ ಅಗಲದ್ದು. ನಾನು ಬೈತಲೆ ತೆಗೆದುಕೊಳ್ಳುತ್ತಿದ್ದುದು ಊರವರ ಹಂಡೆ, ಕೊಪ್ಪರಿಗೆಗಳಲ್ಲಿ. ಉಜ್ಜಿದರೆ ಸಾಮಾನು ಒಳ್ಳೆಯದಾಗುತ್ತದೆ ಎಂಬುದು ಹೀಗೆ ನನಗೆ ಯಾರೂ ಕಲಿಸದೆ ಬಂದ ವಿದ್ಯೆ.

ವರ್ಷಕ್ಕೆ ಎರಡು ಸಲ ಅಬ್ಬಾ ಸೈಕಲ್ಲಿನ ಹಿಂದೆ ತಿದಿ ಕಟ್ಟಿಕೊಂಡು ಹೊರಗಿನ ಊರುಗಳಿಗೆ ಹೋಗುತ್ತಿದ್ದರು. ಕಿತ್ತೂರು, ದೇಗಾಂವ, ಆ ಕಡೆ ಸವದತ್ತಿ. ಕಿತ್ತೂರಿನ ಹತ್ತಿರ ಒಂದು ದೇಸಾಯರ ವಾಡೆ ಇತ್ತು. ಅಲ್ಲಿ ನಾಲ್ಕು ದಿನದ ಕೆಲಸ ಸಿಗುತ್ತಿತ್ತು. ಮಡಿ ಮೈಲಿಗೆಯ ಮನೆ. ಆ ಮನೆಯ ಪ್ರತಿಯೊಂದು ಪಾತ್ರೆಯ ಹೊಟ್ಟೆಯೊಳಗೆ ಅಬ್ಬಾನ ಕೈ ಓಡಾಡಿರುತ್ತಿತ್ತು. ಬೆಂಕಿ ಕಂಡು ಬಂದ ಪಾತ್ರೆಗೆ ಮೈಲಿಗೆಯಿಲ್ಲ ಎಂದು ಅವು ಒಳಗೆ ಹೋಗುತ್ತಿದ್ದವು. ಅಬ್ಬಾ ಮಾತ್ರ ಹೊರಗಿನ ಕಟ್ಟೆಯ ಮೇಲೆಯೇ. ಅವರಿಗೆ ಊಟ, ಚಹಾ ಕೊಡುತ್ತಿದ್ದುದು ಪಿಂಗಾಣಿಯಲ್ಲಿ. ಆ ತಾಟು, ಕಪ್ಪು, ಬಶಿಗಳನ್ನು ದೇಸಾಯರ ಹಿರಿಯರು ಮುಂಬಯಿಯಲ್ಲಿ ಒಬ್ಬ ಗೋರಾ ಸಾಹೇಬನಿಂದ ಕೊಂಡು ತಂದಿದ್ದರಂತೆ, ಬಿಳಿಯ ಅಧಿಕಾರಿಗಳು ಮನೆಗೆ ಬಂದರೆ ಇರಲಿ ಎಂದು. ಮನೆಯವರು ಅವುಗಳಲ್ಲಿ ಒಂದು ತುತ್ತೂ ಉಂಡವರಲ್ಲ. ಬಿಳಿಯರು ಹೋದರು. ಸಾಮಾನು ಹೊರಗಿನ ಗೂಡಿನಲ್ಲಿ ಉಳಿಯಿತು, ನಮ್ಮಂಥವರಿಗೆ. ಉಂಡವರು ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಅದು ಅಲ್ಲಿನ ಪದ್ಧತಿ.

ತಾಟು ಎಂದರೆ ಎಂಥ ತಾಟು. ಹಾಲಿನ ಕೆನೆಯ ಬಣ್ಣ, ಅಂಚಿಗೆ ಒಂದು ಸಣ್ಣ ನೀಲಿ ಗೆರೆ, ಅದರ ಒಳಗೆ ಬಂಗಾರದ ಬಳ್ಳಿ. ಮೇಲ್ಭಾಗದಲ್ಲಿ ಬಂಗಾರದಲ್ಲೇ ಬರೆದ ಪುಟ್ಟ ಕಿರೀಟ, ಅದರ ಕೆಳಗೆ ಮುಂಗಾಲು ಎತ್ತಿ ನಿಂತ ಜಿಂಕೆ, ನಮ್ಮ ಮಾತಿನಲ್ಲಿ ಚಿಗರಿ. ಆ ಚಿಗರಿ ದೇಸಾಯರ ಮನೆತನದ್ದಲ್ಲ, ಜರ್ಮನಿಯ ಯಾವುದೋ ದೊಡ್ಡ ಮನೆತನದ ಗುರುತು. ಅವರ ಸಾಮಾನು ಹೇಗೆ ಮುಂಬಯಿಗೆ ಬಂತೋ, ದೇಸಾಯರ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಅಬ್ಬಾಗೆ ಆ ಚಿಗರಿಯ ಮೇಲೆ ಜೀವ. ಮನೆಗೆ ಬಂದು ವಾಡೆಯ ಊಟದ ವಿಷಯ ಹೇಳುವಾಗ ಪಲ್ಯ ಯಾವುದಿತ್ತು ಎಂಬುದು ಅವರಿಗೆ ನೆನಪಿರುತ್ತಿರಲಿಲ್ಲ, ತಾಟು ನೆನಪಿರುತ್ತಿತ್ತು.

"ಅವರು ಬೆಳ್ಳಿಯೊಳಗ ಉಣ್ತಾರ, ಖರೆ. ಬೆಳ್ಳಿ ನಾ ಭಾಳ ನೋಡೇನಿ. ಇಂಥಾದು ಆ ಮನಿ ಮಂದಿ ಕೈಗೇ ಸಿಗೂದಿಲ್ಲ, ನನ್ನ ಕೈಗೆ ಸಿಗತೈತಿ."

"ಹೊರಗ ಇಟ್ಟಾರ, ಅದಕ್ಕ ಸಿಗತೈತಿ," ಎನ್ನುತ್ತಿದ್ದಳು ಅಮ್ಮಾ, ರೊಟ್ಟಿ ಬಡಿಯುತ್ತ.

ಅವಳು ಹೂಲಿಯವಳು. ಹಳ್ಳಿಯಲ್ಲಿ ಬೆಳೆದವಳಿಗೆ ಉರ್ದು ಅಷ್ಟಕ್ಕಷ್ಟೆ. ನಮ್ಮ ಮನೆಯಲ್ಲಿ ಮುದ್ದು ಉರ್ದುವಿನಲ್ಲಿ ನಡೆಯುತ್ತಿತ್ತು, ಜಗಳ ಕನ್ನಡದಲ್ಲಿ. ಹೀಗಾಗಿ ನನಗೆ ಕನ್ನಡ ಚೆನ್ನಾಗಿ ಬಂತು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ವಾಡೆ ಪಾಲಾಯಿತು. ಅಣ್ಣತಮ್ಮಂದಿರು ಸವದತ್ತಿ, ಬೈಲಹೊಂಗಲ, ರಾಮದುರ್ಗ ಎಂದು ಚದುರಿದರು. ಹಿತ್ತಾಳೆ, ತಾಮ್ರ, ಬೆಳ್ಳಿಗಳನ್ನು ತೂಗಿ ಹಂಚಿಕೊಂಡರಂತೆ. ಗೂಡಿನಲ್ಲಿದ್ದ ಪಿಂಗಾಣಿಯನ್ನು ಯಾರೂ ಕೇಳಲಿಲ್ಲ. ಗಾಡಿಯಲ್ಲಿ ಜಾಗ ಇದ್ದವರು ಒಂದಿಷ್ಟು ಹಾಕಿಕೊಂಡು ಹೋದರು. ಕಪ್ಪುಗಳೂ ಬಶಿಗಳೂ ದಾರಿಯಲ್ಲೇ ಒಡೆದವು. ಊಟದ ತಾಟು ಹನ್ನೆರಡು ಇದ್ದವು ಎಂಬುದು ಅಬ್ಬಾಗೆ ಗೊತ್ತಿತ್ತು. ಅವನ್ನೆಲ್ಲ ಮತ್ತೆ ಒಂದೆಡೆ ಸೇರಿಸಬೇಕೆಂದು ಅವರು ಮನಸ್ಸು ಮಾಡಿದರು. ಆಗ ಮನೆಮನೆಗೆ ಸ್ಟೀಲು ಬರುತ್ತಿತ್ತು, ಕಲಾಯಿ ಕೆಲಸ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಕಲಾಯಿಗಾರ ಜರ್ಮನ್ ಪಿಂಗಾಣಿ ಕೂಡಿಸಲು ಹೊರಟದ್ದು ಬೇರೆಯವರಿಗೆ ಹುಚ್ಚು ಎನಿಸಿರಬೇಕು. ನನಗೆ ಆಗಲೂ ಹಾಗೆ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಅವರು ಕುಡಿಯುತ್ತಿರಲಿಲ್ಲ, ಎಲೆಅಡಿಕೆ ಕೂಡ ಇಲ್ಲ. ಚಂದದ ಸಾಮಾನು ನೋಡುವುದೊಂದೇ ಅವರಿಗೆ ಬೇಕಾದ ಸುಖ.

ಎರಡು ವರ್ಷದಲ್ಲಿ ಹನ್ನೊಂದು ತಾಟು ಕೂಡಿದವು. ಎರಡು, ದೇಸಾಯರೊಬ್ಬರ ತುಳಸಿಕಟ್ಟೆಯ ಬದಿಯಲ್ಲಿ ಗುಬ್ಬಿಗೆ ನೀರಿಡಲು ಬಳಕೆಯಾಗಿದ್ದವು. ಒಂದು ಬೈಲಹೊಂಗಲದ ಅಕ್ಕಸಾಲಿಗರ ಅಂಗಡಿಯಲ್ಲಿತ್ತು, ಆಭರಣ ತೊಳೆದ ನೀರು ಹಿಡಿದುಕೊಂಡು. ಸವದತ್ತಿಯ ಹಿರಿಯ ದೇಸಾಯರ ಮನೆಯಲ್ಲಿ ಒಂದು ತಾಟು ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಳವಾಗಿ ಕುಳಿತಿತ್ತು. ಅಬ್ಬಾ ಅವರ ಪಾತ್ರೆಗಳಿಗೆಲ್ಲ ಕಲಾಯಿ ಮಾಡಿ, ಕೂಲಿ ಬ್ಯಾಡ್ರಿ, ಆ ಮುಚ್ಚಳ ಕೊಡ್ರಿ ಎಂದರು.

"ಮುಚ್ಚಳ ನೀ ಒಯ್ದರ ನನ್ನ ಉಪ್ಪಿನಕಾಯಿಗೆ ಇರಿವಿ ಹತ್ತೂದಿಲ್ಲೇನೋ?" ಎಂದು ಆ ಮನೆಯ ಯಜಮಾನತಿ ಕೇಳಿದರಂತೆ. ಅಬ್ಬಾ ಅಲ್ಲೇ ಕುಳಿತು ಭರಣಿಯ ಬಾಯಿ ಅಳೆದು ತಗಡಿನ ಮುಚ್ಚಳ ಮಾಡಿಕೊಟ್ಟು ಬಂದರು.

ತಾಟು ಕೈಗೆ ಬಂದರೆ ಅದನ್ನು ಪರೀಕ್ಷಿಸುವ ಕ್ರಮವೊಂದಿತ್ತು. ಮೂರು ಬೆರಳ ತುದಿಯ ಮೇಲೆ ಅದನ್ನು ನಿಲ್ಲಿಸಿ ಉಗುರಿನಿಂದ ಅಂಚನ್ನು ತಟ್ಟುವರು. ಗಂಟೆಯಂತೆ ನಾದ ಎದ್ದು ನಿಧಾನ ಇಳಿದರೆ ಒಳ್ಳೆಯದು. ನಾದ ಗಕ್ಕನೆ ನಿಂತರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದು ಅರ್ಥ. ಆಮೇಲೆ ಬಿಸಿಲಿಗೆ ಹಿಡಿದು ಹಿಂದಿನಿಂದ ಬೆರಳು ಆಡಿಸುವರು. ಬೆರಳಿನ ನೆರಳು ಈಚೆ ಕಾಣಬೇಕು. ಕೊನೆಗೆ ತಾಟು ತಿರುಗಿಸಿ ತಳದ ನೀಲಿ ಮುದ್ರೆಯನ್ನು ನನಗೆ ತೋರಿಸುವರು. ಐದನೆಯ ಇಯತ್ತೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತ ವರ್ಷ ನಾನು ಮುದ್ರೆಯ ಕೆಳಗಿನ ಪುಟ್ಟ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಜರ್ಮನಿ ಎಂದು ಓದಿದೆ. ಅಬ್ಬಾ ನನ್ನ ತಲೆ ಮುಟ್ಟಿ, ಮತ್ತೊಮ್ಮೆ ಓದು ಎಂದರು. ಹನ್ನೊಂದು ತಾಟಿನ ಮೇಲೂ ಓದಿಸಿದರು. ಎಲ್ಲದರ ಮೇಲೂ ಅದೇ ಇತ್ತು.

ಅಮ್ಮಾ ಮಾತ್ರ ಆ ತಾಟುಗಳನ್ನು ಮುಟ್ಟಲಿಲ್ಲ. ಈದ್ ಹಬ್ಬದ ದಿನ ಅಬ್ಬಾ ಪೆಟ್ಟಿಗೆ ತೆರೆದು ಮೂರು ತಾಟು ತೆಗೆದು ಚಾಪೆಯ ಮೇಲೆ ಇಡುವರು. ಅವಳು ನಮ್ಮಿಬ್ಬರ ತಾಟಿಗೆ ಬಡಿಸಿ, ಮೂರನೆಯದನ್ನು ಹಾಗೇ ಬಿಟ್ಟು, ಒಲೆಯ ಹತ್ತಿರ ಹೋಗಿ ತನ್ನ ನೆಗ್ಗಿದ ಅಲ್ಯುಮಿನಿಯಂ ಗಂಗಾಳದಲ್ಲಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಅಬ್ಬಾ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು.

"ಮಾಬೂ, ಒಂದ ಸಲ ಕುಂತ ನೋಡು. ರಾಜರ ತಾಟು."

"ನನ್ನ ಹಸಿವಿಗೆ ಇದು ಸಾಕ್ರಿ."

ಮೂರನೆಯ ತಾಟು ಖಾಲಿಯೇ ಉಳಿದು ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಅವಳೊಮ್ಮೆ ನಮ್ಮ ಜೊತೆ ಕುಳಿತು ಅದರಲ್ಲಿ ಉಂಡರೆ ಸಾಕು ಎಂದು ಅಬ್ಬಾಗಿದ್ದ ಆಸೆ ನನಗೂ ಅಂಟಿಕೊಂಡಿತು. ಯಾಕೆ ಉಣ್ಣುವುದಿಲ್ಲ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹನ್ನೆರಡನೆಯ ತಾಟು ರಾಮದುರ್ಗದಲ್ಲಿದೆ ಎಂದು ಸುದ್ದಿ ಬಂತು. ವಾಡೆಯ ಹಿರಿಯ ಹೆಣ್ಣುಮಗಳು, ಎಲ್ಲರೂ ತಾಯಿಸಾಹೇಬ ಎನ್ನುತ್ತಿದ್ದವರು, ಕೊನೆಯ ಮಗನ ಜೊತೆ ಅಲ್ಲಿ ಬಾಡಿಗೆ ಮನೆಯಲ್ಲಿದ್ದರು. ಮಗ ಯಾವುದೋ ಕಚೇರಿಯಲ್ಲಿ ಕಾರಕೂನ. ಸಾಲೆಗೆ ಸೂಟಿ ಇದ್ದ ದಿನ ಅಬ್ಬಾ ನನ್ನನ್ನು ಕರೆದುಕೊಂಡು ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದರು. ನಾವು ಹೋದಾಗ ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಎರಡು ಖೋಲಿಯ ಮನೆ; ಕೆಂಪು ಸೀರೆಯ ಮುದುಕಿಯೊಬ್ಬರು ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಅವರ ಮುಂದೆ ಇದ್ದದ್ದು ಚಿಗರಿ ತಾಟು. ಅನ್ನ, ಸಾರು, ಬದಿಯಲ್ಲಿ ಚೂರು ಉಪ್ಪಿನಕಾಯಿ. ಅಬ್ಬಾ ಹೊಸ್ತಿಲ ಹೊರಗೇ ನಿಂತರು.

"ಕಲಾಯಿ ಸಾಬ ಏನೋ? ಒಳಗ ಬಾ. ಕೂಡಸ್ಲಿಕ್ಕೆ ಹೊರಗ ಕಟ್ಟಿನೂ ಇಲ್ಲ ಈ ಮನಿಗೆ."

"ಊಟ ಮುಗಸ್ರಿ ತಾಯಿಸಾಹೇಬ."

"ಏನ್ ನೋಡ್ತೀ? ಇದನ್ನ? ಪಾಲು ಮಾಡ್ಕೊಳ್ಳೋ ಮುಂದ ಯಾರಿಗೂ ಬ್ಯಾಡಾಗಿತ್ತು. ಯಾರಿಗೂ ಬ್ಯಾಡಾದದ್ದು ನನ್ನ ಪಾಲಿಗೆ ಬಂತು." ಅವರು ನಕ್ಕರು. ಹಲ್ಲು ಎರಡೋ ಮೂರೋ ಉಳಿದಿದ್ದವು.

ದಾರಿಯುದ್ದಕ್ಕೂ ಅಬ್ಬಾ ಆ ತಾಟನ್ನು ಹೇಗೆ ಕೇಳಬೇಕು ಎಂದು ನನ್ನೆದುರು ಮಾತು ಹೊಂದಿಸಿಕೊಂಡು ಬಂದಿದ್ದರು. ಒಂದೂ ಆಡಲಿಲ್ಲ. ಒಬ್ಬರು ಉಣ್ಣುತ್ತಿರುವ ತಾಟನ್ನು ಕೇಳುವುದು ಹೇಗೆ. ಉಳಿದ ಹನ್ನೊಂದು ತಮ್ಮ ಮನೆಯಲ್ಲಿವೆ, ಎಲ್ಲವೂ ಕ್ಷೇಮವಾಗಿವೆ ಎಂದಷ್ಟೇ ಹೇಳಿದರು. ಮದುವೆಯಾಗಿ ಹೋದ ಮಗಳ ಸುದ್ದಿ ಹೇಳಿದ ಹಾಗೆ ಇತ್ತು. ತಾಯಿಸಾಹೇಬರು ಕೈಯಲ್ಲಿದ್ದ ತುತ್ತು ಇಳಿಸಿದರು.

"ಹನ್ನೊಂದೂ ನಿನ್ನ ಮನ್ಯಾಗ ಅವ? ಹಂಗಾರ ನೋಡಬೇಕಲ್ಲ. ಮುಂದಿನ ವಾರ ಬೈಲಹೊಂಗಲದಾಗ ನಮ್ಮ ತಂಗಿ ಮೊಮ್ಮಗನ ಮುಂಜಿವಿ ಅದ. ಬಂದು ಹೋಗ್ತೀನಿ."

ಆ ಸುದ್ದಿ ಕೇಳಿ ಅಮ್ಮಾ ಒಲೆಯ ಮುಂದಿನಿಂದ ಎದ್ದು ನಿಂತಳು. ಅವಳು ನಿಂತು ಮಾತಾಡಿದರೆ ಜಗಳವೆಂದು ನನಗೆ ಗೊತ್ತಿತ್ತು.

"ಅವರನ್ನ ಎಲ್ಲಿ ಕುಂಡ್ರಸ್ತೀರಿ?"

"ಒಳಗ. ಮತ್ತೆಲ್ಲಿ?"

"ಅವರು ನನ್ನ ಎಲ್ಲಿ ಕುಂಡ್ರಿಸಿದ್ರು?"

ಆಗ ಅವಳು ಹೇಳಿದ್ದು ಅಬ್ಬಾಗೂ ಪೂರ್ತಿ ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿ ತಿಳಿಯಿತು. ನಾನು ಹೊಟ್ಟೆಯಲ್ಲಿದ್ದಾಗ ಒಂದು ಸಲ ತಿದಿ ಊದಲು ಅವಳೂ ವಾಡೆಗೆ ಹೋಗಿದ್ದಳು. ಅಂದು ಏನೋ ಹಬ್ಬ. ಅಬ್ಬಾ ಇದ್ದಲಿ ತರಲು ಕಿತ್ತೂರಿಗೆ ಹೋದಾಗ ತಾಯಿಸಾಹೇಬರೇ ಹೊರಗೆ ಬಂದು, ಹಸಿದಿರಬೇಕು ಬಸುರಿ ಎಂದು, ಗೂಡಿನ ತಾಟಿನಲ್ಲಿ ಮೇಲಿನಿಂದ ಹೋಳಿಗೆ ಹಾಕಿ ತುಪ್ಪ ಸುರಿದರು. ಅಮ್ಮಾ ಉಂಡಳು. ಬಾವಿಯ ಬಳಿ ತಾಟು ತೊಳೆದಳು. ಪದ್ಧತಿ ಗೊತ್ತಿಲ್ಲದೆ ಅದನ್ನು ಅಂಗಾತ ಇಟ್ಟಳು. ಆಳು ಹೆಂಗಸು ಬಂದು, ಬೋರಲ ಹಾಕಬೇ, ಇಲ್ಲಾಂದ್ರ ಮನಿ ತಾಟ ಅಂತ ತಿಳದು ಯಾರರೆ ಒಳಗ ಒಯ್ದಾರು ಎಂದಳು. ಅಮ್ಮಾ ಬೋರಲು ಹಾಕಿದಳು. ತಿರುಗಿ ನೋಡಿದರೆ ಅವಳು ಕುಳಿತಿದ್ದ ಜಾಗಕ್ಕೆ ಆ ಹೆಂಗಸು ಸಗಣಿ ನೀರು ಹಾಕುತ್ತಿದ್ದಳು.

"ಹೋಳಿಗಿ ಇನ್ನೂ ಬಾಯಾಗಿತ್ತು ನನಗ," ಎಂದಳು ಅಮ್ಮಾ. "ಬರ್ಲಿ ಅವರು. ಅದ ತಾಟಿನ್ಯಾಗ ನೀಡ್ತೇನಿ. ಕಟ್ಟಿ ಮ್ಯಾಲೆ ಕುಂಡ್ರಿಸೇ ನೀಡ್ತೇನಿ. ಉಂಡು, ತೊಳದು, ಬೋರಲ ಹಾಕಿ ಹೋಗ್ಲಿ."

ಅವಳು ಹೇಳಿದ್ದನ್ನು ಮಾಡುವವಳು. ಒಂದು ವಾರ ಅಬ್ಬಾ ಸರಿಯಾಗಿ ಉಣ್ಣಲಿಲ್ಲ. ಬರಬೇಡಿ ಎಂದು ತಾಯಿಸಾಹೇಬರಿಗೆ ಹೇಳಿಕಳಿಸುವ ಹಾಗಿಲ್ಲ, ಅಮ್ಮಾನಿಗೆ ಮಾತು ಹಿಂತೆಗೆದುಕೋ ಎನ್ನುವ ಹಾಗೂ ಇಲ್ಲ. ಅವಳ ಮಾತಿನಲ್ಲಿ ತಪ್ಪೇನಿತ್ತು. ನಡುವೆ ನಾನು. ನನಗೆ ತೋಚಿದ ಉಪಾಯ ಒಂದೇ. ತಾಟುಗಳು ಮಿರಮಿರ ಮಿಂಚುವಂತಿದ್ದರೆ ಅಮ್ಮಾನಿಗೇ ಅವು ನಮ್ಮ ಮನೆಯವು ಎಂದು ಹೆಮ್ಮೆಯಾದೀತು, ಆ ಹೆಮ್ಮೆಯಲ್ಲಿ ಸಿಟ್ಟು ಇಳಿದೀತು. ತಾಯಿಸಾಹೇಬರು ಬರುವ ಹಿಂದಿನ ದಿನ ಶುಕ್ರವಾರ, ಸಂತೆ. ಇಬ್ಬರೂ ಸಂತೆಗೆ ಹೋಗಿದ್ದರು. ನಾನು ಪೆಟ್ಟಿಗೆ ತೆರೆದು ಹನ್ನೊಂದು ತಾಟನ್ನೂ ಹಿತ್ತಲ ಕಲ್ಲಿನ ಬಳಿ ಒಯ್ದೆ. ಇಟ್ಟಂಗಿ ಪುಡಿ, ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಕೈಯಲ್ಲಿ ಬಲವಿದ್ದಷ್ಟೂ ಹಾಕಿ ತಿಕ್ಕಿದೆ. ಕಲಸಿದ ಬೂದಿಯಲ್ಲಿ ಹಳದಿ ಮಿಣುಕು ಕಂಡಿತು. ಕಿಲುಬು ಬಿಡುತ್ತಿದೆ ಎಂದು ಇನ್ನಷ್ಟು ಒತ್ತಿದೆ. ಒಂದೊಂದೇ ತೊಳೆದು ಬಿಸಿಲಿಗೆ ಒರಗಿಸಿಟ್ಟೆ. ಹನ್ನೊಂದನೆಯದು ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡಿದರೆ ಸಾಲಿನಲ್ಲಿ ಒಂದರ ಮೇಲೂ ಚಿಗರಿ ಇರಲಿಲ್ಲ. ಕಿರೀಟವೂ ಇಲ್ಲ, ಬಳ್ಳಿಯೂ ಇಲ್ಲ. ನೀಲಿ ಗೆರೆಯೊಂದು ಉಳಿದಿತ್ತು.

ಅಬ್ಬಾ ಬಂದರು. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಅವರು ಒಂದೊಂದೇ ತಾಟು ಎತ್ತಿ ಬಿಸಿಲಿಗೆ ಹಿಡಿದರು, ಓರೆ ಮಾಡಿ ನೋಡಿದರು. ಕೆಲವದರಲ್ಲಿ ಚಿಗರಿಯ ಆಕಾರ ಉಸಿರು ತಾಗಿದ ಗಾಜಿನಂತೆ ಮಸುಕಾಗಿ ಉಳಿದಿತ್ತು. ಎಲ್ಲ ನೋಡಿ ಮುಗಿಸಿದ ಮೇಲೆ ಅಮ್ಮಾನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಕಲಾಯಿಗಾರನ ಮಗಳಿಗೆ ಉಜ್ಜೂದು ಅಷ್ಟ ಗೊತ್ತ. ನಾ ಹೇಳಿಕೊಡಲಿಲ್ಲ. ತಪ್ಪು ನಂದು."

ಹೇಳಿ ಮುಂದಿನ ಕಟ್ಟೆಗೆ ಹೋಗಿ ತಣ್ಣಗಿದ್ದ ಒಲೆಯ ಮುಂದೆ ಕುಳಿತರು. ಅಮ್ಮಾ ಸಂತೆಯ ಚೀಲ ಕೆಳಗಿಟ್ಟಳು. ಅಂದೇ ಮೊದಲ ಬಾರಿಗೆ ಅವಳು ಆ ತಾಟೊಂದನ್ನು ಕೈಗೆತ್ತಿಕೊಂಡದ್ದು. ಚಿಗರಿ ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಅವಳಿಗೆ ಖುಷಿಯಾಗುತ್ತದೆ ಎಂದು ನಾನು ಒಂದು ಕ್ಷಣ ಭಾವಿಸಿದ್ದೆ, ಈಗ ಹೇಳಲು ನಾಚಿಕೆ. ಖುಷಿಯಾಗಿರಲಿಲ್ಲ. ಅವಳು ಕಟ್ಟೆಯ ಕಡೆಗೆ, ಅಬ್ಬಾನ ಬೆನ್ನಿನ ಕಡೆಗೆ ನೋಡುತ್ತಿದ್ದಳು. ಆಮೇಲೆ ಹನ್ನೊಂದನ್ನೂ ತಾನೇ ಒರೆಸಿ ಒಳಗೆ ಒಯ್ದು, ಪೆಟ್ಟಿಗೆಯಲ್ಲಿಡದೆ, ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ನನಗೆ ಹೇಳಿದ್ದು ಇಷ್ಟೇ:

"ಅಳಬ್ಯಾಡ. ನಾಳೆ ಬದನಿಕಾಯಿ ಹೆಚ್ಚಿಕೊಡು ನನಗ."

ಮರುದಿನ ತಾಯಿಸಾಹೇಬರು ಟಾಂಗಾದಲ್ಲಿ ಬಂದರು. ಕೈಯಲ್ಲಿ ಹಳೆಯ ರೇಷ್ಮೆ ಚೌಕದಲ್ಲಿ ಸುತ್ತಿದ ಗಂಟು. ಬಿಸಿಲಿಗೆ ಬಾಡಿದ್ದರು. ಅಬ್ಬಾ ಒಳಗೆ ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಕಟ್ಟೆಯ ಮೇಲೆ, ಕಲಾಯಿ ಒಲೆಯ ಪಕ್ಕದಲ್ಲಿ, ತಾವಾಗಿಯೇ ಕುಳಿತುಬಿಟ್ಟರು.

"ಇಲ್ಲೇ ಕೂಡ್ತೀನಿ. ಗಾಳಿ ಅದ."

ಅಮ್ಮಾ ಬಾಗಿಲಲ್ಲಿ ನಿಂತಿದ್ದಳು. ಅವಳು ಹೇಳಿದ್ದು ಹೇಳಿದಂತೆಯೇ ನಡೆಯುವ ಹಾಗೆ ಆಗಿತ್ತು. ಒಂದು ಮಾತೂ ಆಡದೆ ತಾಟು ಹೊರಗೆ ತಂದು ಬಡಿಸಿದರೆ ಸಾಕಿತ್ತು. ಅಬ್ಬಾ ಅವಳನ್ನು ನೋಡಿದರು. ನಾನು ನೆಲ ನೋಡಿದೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಅಲ್ಲಿ ಇವರು ಕಲಾಯಿ ಮಾಡ್ತಾರ್ರಿ. ಸೀರಿಗೆ ಮಸಿ ಹತ್ತತೈತಿ. ಒಳಗ ಬರ್ರಿ."

ಅವರು ಬಂದರು. ಹಲಗೆಯ ಮೇಲಿನ ತಾಟುಗಳನ್ನು ಬಹಳ ಹೊತ್ತು ನೋಡಿದರು. ಗಂಟು ಬಿಚ್ಚಿ ತಮ್ಮದನ್ನು ತೆಗೆದು ಅವುಗಳ ಪಕ್ಕದಲ್ಲಿ ಹಿಡಿದರು. ಅದರ ಮೇಲೆ ಚಿಗರಿ ಮುಂಗಾಲೆತ್ತಿ ನಿಂತೇ ಇತ್ತು. ನಾನು ಅಬ್ಬಾನ ಹಿಂದೆ ಸರಿದೆ. ಅಬ್ಬಾ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ತಾಯಿಸಾಹೇಬರು ನನ್ನನ್ನು ಹತ್ತಿರ ಕರೆದು ನನ್ನ ಅಂಗೈ ತಿರುಗಿಸಿ ನೋಡಿದರು; ಇಟ್ಟಂಗಿ ಪುಡಿಯಿಂದ ಬೆರಳ ಸಂದುಗಳು ಕೆಂಪಾಗಿದ್ದವು.

"ಎಷ್ಟು ಕಷ್ಟಾ ಪಟ್ಟೀಯಲ್ಲ. ಇದೊಂದನ್ನ ಯಾಕ ಬಿಡ್ತೀ, ಇದನ್ನೂ ಉಜ್ಜಿಬಿಡು."

"ಬ್ಯಾಡ್ರಿ ತಾಯಿಸಾಹೇಬ," ಎಂದರು ಅಬ್ಬಾ ಗಾಬರಿಯಿಂದ. "ಒಂದರ ಮ್ಯಾಲರೆ ಇರ್ಲಿ. ಎಲ್ಲಿಂದ ಬಂದೂ ಅಂತ ಗೊತ್ತಾಗಬೇಕು."

ಅಮ್ಮಾನಿಗೆ ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡಳು, ಆದರೆ ಬಂತು.

ಬಾಳೆಹಣ್ಣು, ಹಾಲು ತರಿಸಿ ಇಟ್ಟಿದ್ದರು ಅಬ್ಬಾ; ಮಡಿಯವರು ನಮ್ಮ ಮನೆಯಲ್ಲಿ ಬೇರೇನು ತೆಗೆದುಕೊಂಡಾರು ಎಂದು. ಒಲೆಯ ಮೇಲೆ ಎಣ್ಣೆಗಾಯಿ ಕುದಿಯುತ್ತಿತ್ತು, ಅಮ್ಮಾ ರೊಟ್ಟಿ ಬಡಿಯುತ್ತಿದ್ದಳು. ತಾಯಿಸಾಹೇಬರು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಆ ಕಡೆ ನೋಡಿದರು.

"ಬಿಸಿ ಭಕ್ಕರಿ ತಿಂದು ಭಾಳ ದಿನ ಆತು, ತಂಗಿ. ನನ್ನ ಕೈಲೆ ಈಗ ಬಡೀಲಿಕ್ಕಾಗೂದಿಲ್ಲ."

ಅಮ್ಮಾ ಚಿಗರಿ ಅಳಿಸಿದ ತಾಟೊಂದರಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿ ಅವರ ಮುಂದೆ ಇಟ್ಟಳು. ಎತ್ತರದಿಂದ ಹಾಕಲಿಲ್ಲ, ಬಾಗಿ ಇಟ್ಟಳು. ಅವರು ಎರಡು ರೊಟ್ಟಿ ಉಂಡರು. ಹಲ್ಲು ಉದುರಿದ ಬಾಯಿಗೆ ರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ನೆನೆಸಿ ನೆನೆಸಿ, ತಲೆ ಎತ್ತದೆ ಉಂಡರು. ಮುಗಿದ ಮೇಲೆ ಮೊಣಕಾಲು ಹಿಡಿದು ಎದ್ದು, ತಾಟನ್ನು ಕೈಗೆ ತೆಗೆದುಕೊಂಡು, ಸುತ್ತ ನೋಡಿದರು.

"ನೀರೆಲ್ಲಿ ಅದ?"

ಆ ತಾಟಿನಲ್ಲಿ ಉಂಡವರು ತಾವೇ ತೊಳೆಯಬೇಕು ಎಂಬುದು ಅವರ ಮನೆಯದೇ ಪದ್ಧತಿಯಾಗಿತ್ತಲ್ಲ. ಅವರಿಗೆ ಅದು ಹಾಗೇ ಬಂತು. ಅಮ್ಮಾ ಎರಡು ಹೆಜ್ಜೆ ಮುಂದೆ ಬಂದು ತಾಟಿನ ಈಚೆ ಅಂಚು ಹಿಡಿದಳು.

"ಕೊಡ್ರಿ ಇಲ್ಲೆ. ನಮ್ಮ ಮನ್ಯಾಗ ಉಂಡವರು ತಾಟ ತೊಳಿಯೂದಿಲ್ಲ."

ಅವರು ಬಿಡಲಿಲ್ಲ. ಇಬ್ಬರ ಕೈಯಲ್ಲೂ ತಾಟು.

"ನನ್ನ ಗುರ್ತು ಹತ್ತಿತೇನ್ರಿ?"

"ಇಲ್ಲ ತಂಗಿ."

"ನಿಮ್ಮ ವಾಡೇದಾಗ ಒಂದ್ಸಲ ನೀವು ನನಗ ಹೋಳಿಗಿ ನೀಡಿದ್ರಿ. ಇಂಥಾದ್ರಾಗ. ಹೊರಗಿನ ಕಟ್ಟಿ ಮ್ಯಾಲೆ."

ತಾಯಿಸಾಹೇಬರು ಅಮ್ಮಾನ ಮುಖ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನೋ ಲೆಕ್ಕ ಹೊಂದಿಸಿಕೊಂಡಂತೆ ಕಂಡಿತು.

"ಚೊಲೋ ಆಗಿತ್ತೇನು, ಹೋಳಿಗಿ?"

"ತುಪ್ಪ ಭಾಳ ಹಾಕಿದ್ರಿ," ಎಂದಳು ಅಮ್ಮಾ.

ಅವರು ತಾಟು ಬಿಟ್ಟರು. ಅಮ್ಮಾ ಅದನ್ನು ಹಿತ್ತಲಿಗೆ ಒಯ್ದು, ನಾರು ಮುಟ್ಟಿಸದೆ, ಬರಿಗೈಯಲ್ಲಿ ತೊಳೆದು, ಒರೆಸಿ, ಹಲಗೆಯ ಮೇಲೆ ಅಂಗಾತ ಇಟ್ಟಳು. ತಾಯಿಸಾಹೇಬರು ಅದನ್ನು ಇಡುವವರೆಗೂ ನೋಡುತ್ತಿದ್ದು, ಟಾಂಗಾ ಹತ್ತಿದರು. ತಮ್ಮ ತಾಟು ಇಲ್ಲೇ ಬಿಟ್ಟಿದ್ದಾರೆ ಎಂದು ಅಬ್ಬಾ ಓಡಿದರೆ, ಹನ್ನೊಂದು ಮಂದಿ ಇರೋ ಮನಿ ಬಿಟ್ಟು ಅದೊಂದು ನನ್ನ ಕೂಡ ಏನ್ ಮಾಡತದ ಎಂದು ಕೈ ಆಡಿಸಿದರು. ಅಬ್ಬಾ ಮುಂದಿನ ವಾರವೇ ರಾಮದುರ್ಗಕ್ಕೆ ಹೋಗಿ ಅವರಿಗೊಂದು ಹೊಸ ಸ್ಟೀಲಿನ ತಾಟು ಕೊಟ್ಟು ಬಂದರು. ತಮ್ಮ ಕೆಲಸ ಕೆಡಿಸಿದ ಸ್ಟೀಲನ್ನು ಅವರು ಕೊಂಡದ್ದು ಅದೊಂದೇ ಸಲ.

ತಾಯಿಸಾಹೇಬರು ಬಂದು ಹೋದ ಆ ಮಧ್ಯಾಹ್ನವೇ ಉಳಿದ ರೊಟ್ಟಿಯನ್ನು ಅಮ್ಮಾ ಮೂರು ತಾಟಿಗೆ ಹಾಕಿದಳು. ತನ್ನದನ್ನು ತಂದು ನಮ್ಮ ನಡುವೆ ಇಟ್ಟುಕೊಂಡು ಕುಳಿತಳು. ಅಬ್ಬಾ ಮಾತಾಡಿದರೆ ಎಲ್ಲಿ ಎದ್ದುಹೋಗುತ್ತಾಳೋ ಎಂದು ಮಾಡಿನ ಜಂತಿ ನೋಡುತ್ತ ಉಂಡರು. ಅಮ್ಮಾ ಮಾತ್ರ ಮೊಸರು ಸಾಲದಾಯಿತು ಎಂದಳು, ನಾನು ಹೆಚ್ಚಿದ ಬದನೆಕಾಯಿ ದಪ್ಪವಾಗಿತ್ತು ಎಂದಳು. ಮುಂದೆ ಈದಿಗೆಂದು ಕಾಯಲಿಲ್ಲ. ಅವಳು ದಿನವೂ ಆ ತಾಟಿನಲ್ಲೇ ಉಂಡಳು, ನಲವತ್ತೆಂಟು ವರ್ಷ.

ಆ ವರ್ಷ ನನ್ನನ್ನು ರೂಪಿಸಿತು ಎಂದು ನಾನು ತಿಳಿದಿದ್ದೇನೆ. ಇಂದಿಗೂ ಹೊಸ ಅರಿವೆ ಬಂದರೆ ಕತ್ತರಿ ಹಾಕುವ ಮೊದಲು ಒಂದು ಮೂಲೆ ನೀರಲ್ಲಿ ಅದ್ದಿ, ಬಣ್ಣ ಬಿಡುತ್ತದೋ ನೂಲು ಕುಗ್ಗುತ್ತದೋ ನೋಡುತ್ತೇನೆ. ಸವದತ್ತಿಯ ಹೆಣ್ಣುಮಕ್ಕಳು ನಗುತ್ತಾರೆ, ಆದರೆ ರೇಷ್ಮೆಯನ್ನು ನನ್ನ ಬಳಿಗೇ ತರುತ್ತಾರೆ. ಎರಡು ವರ್ಷದ ಹಿಂದೆ ಪುಣೆಯಿಂದ ಹಳೆಯ ಪಿಂಗಾಣಿ ಕೂಡಿಸುವವರೊಬ್ಬರು ಯಾರಿಂದಲೋ ಕೇಳಿಕೊಂಡು ಮನೆಗೆ ಬಂದಿದ್ದರು. ಕೈಗೆ ಬಿಳಿ ಗವಸು ಹಾಕಿಕೊಂಡು ತಾಟು ಎತ್ತಿದರು. ಅಬ್ಬಾನ ಹಾಗೆಯೇ ಮೂರು ಬೆರಳ ಮೇಲೆ ನಿಲ್ಲಿಸಿ ಉಗುರಿನಿಂದ ತಟ್ಟಿದರು. ನೀಲಿ ಗೆರೆಯನ್ನು ಹೊಳಪಿನ ಕೆಳಗೆ ಸುಟ್ಟಿರುತ್ತಾರೆ, ಅದು ಹೋಗುವುದಿಲ್ಲ. ಬಂಗಾರ ಹೊಳಪಿನ ಮೇಲಿರುತ್ತದೆ, ಅದನ್ನು ಬೂದಿಯಿಂದ ಉಜ್ಜಬಾರದು ಎಂದು ನನಗೆ ವಿವರಿಸಿದರು. ಹನ್ನೊಂದು ಹಾಳಾಗಿವೆ, ಒಂದನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತೇನೆ ಎಂದರು. ಅಮ್ಮಾ ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಕೇಳಿದಳು:

"ಊಟ ಆಗೇತೇನ್ರಿ ನಿಮ್ಮದು?"

ಅವರು ಅಂದು ನಮ್ಮ ಮನೆಯಲ್ಲಿ ಹಾಳಾದ ತಾಟಿನಲ್ಲೇ ಉಂಡು ಹೋದರು. ಗವಸು ತೆಗೆದು ಉಂಡರು.

ಕೊನೆಯ ತಿಂಗಳು ಅಮ್ಮಾನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಹಾಲಿನಲ್ಲಿ ಕಿವಿಚಿ, ಆ ತಾಟಿನಲ್ಲೇ ಹಾಕಿ, ನಾನೇ ಉಣಿಸುತ್ತಿದ್ದೆ. ಕೊನೆಯ ದಿನ ನಾಲ್ಕು ತುತ್ತು ತೆಗೆದುಕೊಂಡಳು. ಮಯ್ಯತ್ತಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ. ಓಣಿಯ ಹೆಂಗಸರು ತಮ್ಮ ಮನೆಗಳಿಂದ ಅಡಿಗೆ ತಂದರು, ಬಂದವರಿಗೆ ಬಡಿಸಿದರು, ಎಲ್ಲ ಸಾಮಾನು ತಾವೇ ತೊಳೆದರು. ನನ್ನನ್ನು ಏಳಗೊಡಲಿಲ್ಲ. ಅವಳ ಮಂಚದ ಬಳಿ ಉಳಿದಿದ್ದ ತಾಟನ್ನು ಪಕ್ಕದ ಮನೆಯ ಸೊಸೆ ಎತ್ತಿಕೊಂಡು, ಇದೊಂದು ಉಳದೈತಿ ನೋಡ್ರಿ ಕಾಕಿ, ತೊಳದ ಬಿಡ್ತೇನಿ ಎಂದು ಬಾಗಿಲವರೆಗೆ ಹೋಗಿದ್ದಳು.

"ಕೊಡವಾ ಇಲ್ಲೆ," ಎಂದೆ.

ಅಂಚಿನಲ್ಲಿ ಹಾಲು ಒಣಗಿ ಹತ್ತಿಕೊಂಡಿತ್ತು. ಉಗುರುಬೆಚ್ಚಗಿನ ನೀರು ಹಾಕಿ ನೆನೆಯಲು ಬಿಟ್ಟೆ. ಉಜ್ಜಿದರೆ ಹೋಗುವಂಥದ್ದು ಅದರ ಮೇಲೆ ಏನೂ ಉಳಿದಿರಲಿಲ್ಲ, ಆದರೂ ಬರಿಗೈಯಲ್ಲೇ ತೊಳೆದೆ. ಒರೆಸಿದೆ. ಒಳಗಿನ ಕಪಾಟಿನಲ್ಲಿ, ಉಳಿದ ಹನ್ನೊಂದರ ಪಕ್ಕದಲ್ಲಿ, ಅಂಗಾತ ಇಟ್ಟೆ.